ರಾತ್ರಿ ಒಂದು ಗಂಟೆಯ ಬ್ಯಾಕಪ್

ಮೈಸೂರಿನ ಲಕ್ಷ್ಮೀಪುರಂನ ಒಂದು ಟ್ರಸ್ಟಿನ ಕಣ್ಣಾಸ್ಪತ್ರೆಯಲ್ಲಿ ನಾನು ಹದಿನೈದು ವರ್ಷ ರೋಗಿಗಳ ದಾಖಲೆ ನೋಡಿಕೊಳ್ಳುವ ಕೆಲಸ ಮಾಡಿದೆ. ಆಸ್ಪತ್ರೆ ಎಂದರೆ ದೊಡ್ಡ ಕಟ್ಟಡವೇನಲ್ಲ, ಯಾರೋ ಪುಣ್ಯಾತ್ಮರು ದಾನವಾಗಿ ಬರೆದುಕೊಟ್ಟ ಹಳೆಯ ಮನೆ. ಹಜಾರದಲ್ಲಿ ನೋಂದಣಿ, ಊಟದ ಮನೆಯಲ್ಲಿ ದೃಷ್ಟಿ ಪರೀಕ್ಷೆ, ಮಲಗುವ ಕೋಣೆಗಳಲ್ಲಿ ಡಾಕ್ಟರುಗಳು, ದೇವರ ಮನೆಯಲ್ಲಿ ಸರ್ವರ್. ಸರ್ವರ್ ಎಂದರೆ ಎಲ್ಲ ರೋಗಿಗಳ ಎಲ್ಲ ವಿವರವೂ ಇರುವ ಒಂದು ದಪ್ಪ ಕಂಪ್ಯೂಟರು. ಅದರ ಬಳಿ ಹೋಗುವಾಗ ಚಪ್ಪಲಿ ಹೊರಗೆ ಬಿಡಬೇಕಿತ್ತು. ಧೂಳು ಬೀಳಬಾರದು ಎಂಬುದು ಹೇಳುವ ಕಾರಣ. ಒಳಗೆ ಹೋದವರೆಲ್ಲ ತಲೆ ತಗ್ಗಿಸುತ್ತಿದ್ದುದು ಬಾಗಿಲು ಗಿಡ್ಡವಾಗಿದ್ದರಿಂದ ಎಂದು ನೀವು ನಂಬುವುದಾದರೆ ನಂಬಿ. ಆಯುಧಪೂಜೆಯ ದಿನ ಅದಕ್ಕೆ ಅರಿಶಿನ, ಕುಂಕುಮ, ಸೇವಂತಿಗೆ ಹಾರ. ಬಿಸಿಗಾಳಿ ಹೊರಗೆ ಹೋಗುವ ಜಾಲರಿಯ ಮೇಲೆಯೇ ಹಾರ ಹಾಕುತ್ತಿದ್ದರು.

ಆಸ್ಪತ್ರೆಯನ್ನು ನಡೆಸುತ್ತಿದ್ದವರು ಟ್ರಸ್ಟಿನ ಕಾರ್ಯದರ್ಶಿ. ಯಾವುದೋ ಸರ್ಕಾರಿ ಇಲಾಖೆಯಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟಿತ್ತು, ಅವರು ಇಲಾಖೆಯನ್ನು ಬಿಟ್ಟಿರಲಿಲ್ಲ. ರಿಜಿಸ್ಟರಿನಲ್ಲಿ ಬರೆದದ್ದು ನಡೆದದ್ದು, ಬರೆಯದೇ ಇದ್ದದ್ದು ನಡೆಯದೇ ಇದ್ದದ್ದು ಎಂಬುದು ಅವರ ವೇದಾಂತ. ಹಾಜರಿಗೆ ಒಂದು, ಕೀಲಿಕೈಗೆ ಒಂದು, ಶೌಚಾಲಯ ತೊಳೆದದ್ದಕ್ಕೆ ಒಂದು, ಫಿನಾಯಿಲ್ ಬಾಟಲಿಗೆ ಒಂದು, ಹೀಗೆ ಒಂಬತ್ತು ರಿಜಿಸ್ಟರುಗಳಿದ್ದವು. ಕಂಪ್ಯೂಟರ್ ಬಂದ ವರ್ಷ ಹತ್ತನೆಯದು ಸೇರಿತು. ಅದು ಬ್ಯಾಕಪ್ ರಿಜಿಸ್ಟರ್.

ಕಂಪ್ಯೂಟರ್ ಬಂದ ವೈಭವವನ್ನು ಸ್ವಲ್ಪ ಹೇಳಬೇಕು. ಅಲ್ಲಿಯವರೆಗೆ ಪ್ರತಿ ರೋಗಿಗೂ ಒಂದು ಫೈಲು, ಫೈಲಿಗೆ ಒಂದು ದಾರ. ಬೇಕಾದ ಫೈಲು ಹುಡುಕಲು ಹತ್ತು ನಿಮಿಷ, ಸೀನಲು ಐದು ನಿಮಿಷ. ಆದರೂ ಸಿಗುತ್ತಿತ್ತು. 'ಇನ್ನು ನಮ್ಮದು ಕಾಗದವಿಲ್ಲದ ಆಸ್ಪತ್ರೆ' ಎಂದು ಕಾರ್ಯದರ್ಶಿಗಳು ಭಾಷಣ ಮಾಡಿ, ಬೇಕಾದದ್ದನ್ನೆಲ್ಲ ನಮ್ಮಿಂದ ಕಂಪ್ಯೂಟರಿಗೆ ಹಾಕಿಸಿ, ಆ ಫೈಲುಗಳನ್ನೆಲ್ಲ ಹಳೇಪೇಪರ್‌ನವನಿಗೆ ತೂಕಕ್ಕೆ ಹಾಕಿದರು. ಅದೇ ವಾರ ಹೊಸ ರಿಜಿಸ್ಟರಿಗೆ ಗೆರೆ ಹಾಕಿಸಿದರು. ಕಾಗದವಿಲ್ಲದ ಆಸ್ಪತ್ರೆಯಲ್ಲಿ ಹತ್ತು ರಿಜಿಸ್ಟರು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸಾಫ್ಟ್‌ವೇರ್ ಹಾಕಿಕೊಟ್ಟವನು ಹೆಬ್ಬಾಳದ ಕಡೆ ಒಂದು ಸಣ್ಣ ಕಂಪನಿ ಇಟ್ಟುಕೊಂಡಿದ್ದ ಮನುಷ್ಯ. ಎರಡು ಫೋನು, ಎರಡರಲ್ಲೂ ಮಾತು. ಅವನು ನನಗೆ ಹೇಳಿಕೊಟ್ಟದ್ದು ಇಷ್ಟು. ಕಂಪ್ಯೂಟರ್ ಕೈಕೊಟ್ಟರೆ ಎಲ್ಲಾ ಹೋಗುತ್ತದೆ, ಆದ್ದರಿಂದ ಎಲ್ಲದರ ನಕಲನ್ನು ಪ್ರತಿದಿನ ಪಕ್ಕದಲ್ಲಿರುವ ಇನ್ನೊಂದು ಪುಟ್ಟ ಡಿಸ್ಕಿಗೆ ಇಳಿಸಬೇಕು. ಆ ನಕಲೇ ಬ್ಯಾಕಪ್.

"ನಾನು ಏನು ಮಾಡಬೇಕು?" ಎಂದು ಕೇಳಿದೆ.

"ನೀವೇನೂ ಮಾಡ್ಬೇಕಿಲ್ಲ ಮೇಡಂ. ರಾತ್ರಿ ಒಂದು ಗಂಟೆಗೆ ಶೆಡ್ಯೂಲ್ ಮಾಡಿದೀನಿ. ತಾನೇ ಆಗತ್ತೆ."

"ರಾತ್ರಿ ಒಂದು ಗಂಟೆನೇ ಯಾಕೆ?"

"ಎಲ್ಲಾ ಕಡೆ ಹಂಗೇ ಮೇಡಂ. ಆಗ ಯಾರೂ ಕೆಲಸ ಮಾಡ್ತಿರಲ್ಲ, ಸಿಸ್ಟಂ ಫ್ರೀ ಇರತ್ತೆ."

ಸರಿ ಎಂದುಕೊಂಡೆ. ಎಲ್ಲಾ ಕಡೆ ಹಾಗೇ ಎಂದ ಮೇಲೆ ನಮ್ಮದೇನು ಹೆಚ್ಚುಗಾರಿಕೆ. ಕಾರ್ಯದರ್ಶಿಗಳು ರಿಜಿಸ್ಟರಿನಲ್ಲಿ ದಿನಾಂಕ, ಬ್ಯಾಕಪ್ ಸಮಯ, ಆಗಿದೆ ಅಥವಾ ಇಲ್ಲ, ಸಹಿ, ಷರಾ ಎಂದು ಐದು ಅಂಕಣ ಮಾಡಿಸಿದ್ದರು. ನಾನು ದಿನಾ ಬೆಳಿಗ್ಗೆ ಒಂಬತ್ತು ಗಂಟೆಗೆ ಬಂದು, ದಿನಾಂಕ ಹಾಕಿ, ಒಂದು ಗಂಟೆ ಎಂದು ಬರೆದು, 'ಆಗಿದೆ' ಎಂದು ಬರೆದು, ಸಹಿ ಮಾಡುತ್ತಿದ್ದೆ. ತಿಂಗಳ ಕೊನೆಗೆ ಕಾರ್ಯದರ್ಶಿಗಳು ಹಸಿರು ಶಾಯಿಯಲ್ಲಿ ಮೇಲುಸಹಿ ಹಾಕುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ತಂಡದವರು ಆ ರಿಜಿಸ್ಟರನ್ನು ತಿರುವಿ ನೋಡಿ, ಒಂದು ದಿನವೂ ತಪ್ಪಿಲ್ಲ ಎಂದು ಹೊಗಳಿದರು. ಕಾರ್ಯದರ್ಶಿಗಳು ಅವರಿಗೆ ಮೈಸೂರುಪಾಕಿನ ಡಬ್ಬ ಕೊಟ್ಟರು. ನನಗೂ ಒಂದು ತುಂಡು ಬಂತು. ನಾನು ಅದನ್ನು ನಾಚಿಕೆಯಿಲ್ಲದೆ ತಿಂದೆ.

ಈಗ ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಡ್ರೈವರ್ ವಿಷಯ. ಹೆಬ್ಬಾಳದ ಕಾರ್ಖಾನೆಗಳಿಗೆ ಶಿಫ್ಟಿನ ಕೆಲಸಗಾರರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದರು. ಐವತ್ತು ದಾಟಿದ್ದ, ಇಸ್ತ್ರಿ ಮಾಡಿದ ಖಾಕಿ ತೊಡುವ, ಕಡಿಮೆ ಮಾತಿನ ಮನುಷ್ಯ. ನಿವೃತ್ತಿಗೆ ಇನ್ನೂ ಏಳೆಂಟು ವರ್ಷವಿತ್ತು. ಅವರಿಗೆ ಇದ್ದದ್ದು ಗ್ಲಾಕೋಮಾ. ಪೊರೆ ಬಂದರೆ ಕಣ್ಣು ಮಂಜಾಗಿ ನಮಗೇ ತಿಳಿಯುತ್ತದೆ, ತೆಗೆಸಿಕೊಂಡರೆ ದೃಷ್ಟಿ ವಾಪಸು ಬರುತ್ತದೆ. ಇದು ಹಾಗಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಿ ದೃಷ್ಟಿಯ ಅಂಚು ಮೊದಲು ಹೋಗುತ್ತದೆ. ಎದುರಿಗಿರುವುದು ಕೊನೆಯವರೆಗೂ ಚೆನ್ನಾಗಿಯೇ ಕಾಣುವುದರಿಂದ ಹೋದದ್ದು ಗೊತ್ತೇ ಆಗುವುದಿಲ್ಲ. ಹೋದದ್ದು ಬರುವುದೂ ಇಲ್ಲ.

ಅದನ್ನು ಅಳೆಯಲು ನಮ್ಮಲ್ಲಿ ಒಂದು ಹಳೆಯ ಯಂತ್ರವಿತ್ತು. ದೊಡ್ಡ ಬಿಳಿ ಬೋಗುಣಿಯೊಳಗೆ ಮುಖ ಇಟ್ಟು, ಅಲ್ಲಲ್ಲಿ ಬೆಳಕಿನ ಚುಕ್ಕೆ ಕಂಡಾಗ ಗುಂಡಿ ಒತ್ತಬೇಕು. ಎಲ್ಲಿ ಕಾಣಲಿಲ್ಲವೋ ಅಲ್ಲಿ ಯಂತ್ರ ಕಪ್ಪು ಬರೆದು ಒಂದು ನಕ್ಷೆ ಕೊಡುತ್ತದೆ. ಒಂದು ನಕ್ಷೆಯಿಂದ ಏನೂ ತಿಳಿಯುವುದಿಲ್ಲ. ಹಿಂದಿನ ನಾಲ್ಕೈದು ನಕ್ಷೆಗಳನ್ನು ಪಕ್ಕದಲ್ಲಿ ಇಟ್ಟರೆ ಮಾತ್ರ ಕಪ್ಪು ನಿಂತಿದೆಯೋ ಹರಡುತ್ತಿದೆಯೋ ಗೊತ್ತಾಗುವುದು. ಡ್ರೈವರು ನಾಲ್ಕು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದರು. ನಾಲ್ಕು ವರ್ಷದ ನಕ್ಷೆಗಳು ಸರ್ವರಿನಲ್ಲಿದ್ದವು. ವರ್ಷಕ್ಕೊಮ್ಮೆ ನಮ್ಮ ದೊಡ್ಡ ಡಾಕ್ಟರಮ್ಮ ಅವನ್ನು ಪರದೆಯ ಮೇಲೆ ಸಾಲಾಗಿ ಜೋಡಿಸಿ ನೋಡಿ, ಬಸ್ಸು ಓಡಿಸಬಹುದು ಎಂದು ಪತ್ರ ಬರೆದುಕೊಡುತ್ತಿದ್ದರು. ಆ ಪತ್ರ ಇದ್ದರೆ ಅವರ ಕೈಯಲ್ಲಿ ಸ್ಟೇರಿಂಗು, ಇಲ್ಲದಿದ್ದರೆ ಇಲ್ಲ.

ಆರನೆಯ ವರ್ಷ, ಬೇಸಿಗೆಯ ಒಂದು ಸೋಮವಾರ, ಬೆಳಿಗ್ಗೆ ಸರ್ವರಿನ ಗುಂಡಿ ಒತ್ತಿದೆ. ಒಳಗಿನಿಂದ ಟಕ್ ಟಕ್ ಎಂದು ಶಬ್ದ ಬಂತು, ಪರದೆ ಮೇಲೆ ಏನೂ ಬರಲಿಲ್ಲ. ಹನ್ನೊಂದು ಗಂಟೆಗೆ ಸಾಫ್ಟ್‌ವೇರ್‌ನವನು ಬಂದ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಿವಿಯಿಟ್ಟು ಕೇಳಿ, ಡಿಸ್ಕು ಹೋಗಿದೆ ಎಂದ. ಕಾರ್ಯದರ್ಶಿಗಳು ಬಾಗಿಲಲ್ಲೇ ನಿಂತು ಬ್ಯಾಕಪ್ ರಿಜಿಸ್ಟರನ್ನು ತರಿಸಿ ತೆರೆದು ತೋರಿಸಿದರು.

"ನೋಡಿ, ನೆನ್ನೆಯವರೆಗೂ ಆಗಿದೆ. ನಮ್ಮ ಕಡೆಯಿಂದ ಯಾವ ಲೋಪವೂ ಇಲ್ಲ. ನೀವು ವಾಪಸ್ ಹಾಕಿ ಅಷ್ಟೇ."

ನೆನ್ನೆ ಭಾನುವಾರ. ಭಾನುವಾರದ ಸಹಿಯನ್ನೂ ನಾನು ಶನಿವಾರವೇ ಹಾಕಿಡುತ್ತಿದ್ದೆ. ಇದನ್ನು ಅವತ್ತು ಯಾರೂ ಗಮನಿಸಲಿಲ್ಲ, ನಾನೂ ಹೇಳಲಿಲ್ಲ.

ಸಾಫ್ಟ್‌ವೇರ್‌ನವನು ಬ್ಯಾಕಪ್ಪಿನ ಪುಟ್ಟ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದ. ಮೊದಲ ಸಲ ಅವನ ಎರಡೂ ಫೋನು ಜೇಬಿನಲ್ಲಿದ್ದವು. ಡಿಸ್ಕಿನಲ್ಲಿ ಎರಡೇ ನಕಲುಗಳಿದ್ದವು. ಒಂದು, ಅವನು ಸಾಫ್ಟ್‌ವೇರ್ ಹಾಕಿದ ದಿನ ತೋರಿಸಲಿಕ್ಕೆಂದು ತಾನೇ ಮಾಡಿದ್ದು. ಇನ್ನೊಂದು, ಅದಾಗಿ ಎಂಟು ತಿಂಗಳ ನಂತರದ ಯಾವುದೋ ಒಂದು ದಿನದ್ದು. ಆಮೇಲೆ ಐದು ವರ್ಷ ಏನೂ ಇಲ್ಲ.

"ರಾತ್ರಿ ಹೊತ್ತು ಸಿಸ್ಟಂ ಏನಾದ್ರೂ ಆಫ್ ಆಗತ್ತಾ ಇಲ್ಲಿ?" ಎಂದು ಕೇಳಿದ.

ಉತ್ತರ ಕೊಟ್ಟವರು ನೆಲ ಒರೆಸುತ್ತಿದ್ದ ಆಯಮ್ಮ. ಆಸ್ಪತ್ರೆಯ ಬಾಗಿಲು ತೆಗೆಯುವುದು, ಹಾಕುವುದು, ಗುಡಿಸುವುದು ಎಲ್ಲಾ ಅವರದೇ. "ಇನ್ನೆಂಗೆ ಸಾ? ದಿನಾ ಸಂಜೆ ಮೇನ್ ತಗ್ದು ತಾನೇ ನಾ ಓಗದು. ಎಲ್ಲಾ ಆಫೇಯ."

ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಕಾರ್ಯದರ್ಶಿಗಳ ಸಹಿಯಿದ್ದ ಸುತ್ತೋಲೆ ನೇತಾಡುತ್ತಿತ್ತು. 'ಪ್ರತಿದಿನ ಸಂಜೆ ಆಸ್ಪತ್ರೆ ಮುಚ್ಚುವಾಗ ಮೇನ್ ಸ್ವಿಚ್ಚನ್ನು ಕಡ್ಡಾಯವಾಗಿ ಆಫ್ ಮಾಡತಕ್ಕದ್ದು.' ಕಂಪ್ಯೂಟರ್ ಬರುವುದಕ್ಕೂ ಮೊದಲು ಒಮ್ಮೆ ಸ್ಟೋರಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಕಿಟಕಿಯ ಪರದೆಯೊಂದು ಸುಟ್ಟಿತ್ತು. ಅಂದಿನಿಂದ ಈ ಶಾಸನ. ಮೈಸೂರಿನ ಹಳೆಯ ಮನೆಗಳಲ್ಲಿ ಇದು ಹೊಸದೂ ಅಲ್ಲ. ಊರಿಗೆ ಹೋಗುವಾಗ ಗ್ಯಾಸ್ ತಿರುಗಿಸಿ, ನಲ್ಲಿ ನೋಡಿ, ಮೇನ್ ತೆಗೆದು ಹೋಗುವವರೇ ನಾವೆಲ್ಲ. ಆಸ್ಪತ್ರೆಯನ್ನೂ ಹಾಗೆಯೇ ದಿನಾ ಊರಿಗೆ ಕಳಿಸುತ್ತಿದ್ದೆವು. ಸಂಜೆ ಆರೂವರೆಗೆ ಕರೆಂಟು ಹೋದ ಮೇಲೆ ಸರ್ವರಿನ ಯುಪಿಎಸ್ಸು ಮುಕ್ಕಾಲು ಗಂಟೆ ಪೀಂ ಪೀಂ ಎಂದು ಕೂಗಿ, ಯಾರೂ ಬಾರದೆ, ಸುಮ್ಮನಾಗುತ್ತಿತ್ತು. ಪಕ್ಕದ ಮನೆಯ ಅಜ್ಜಿಯೊಬ್ಬರು ಒಮ್ಮೆ ಬಂದು, ಸಂಜೆ ಹೊತ್ತು ನಿಮ್ಮ ಕಟ್ಟಡದಲ್ಲಿ ಯಾವುದೋ ಹಕ್ಕಿ ಸಿಕ್ಕಿಹಾಕಿಕೊಂಡು ಕೂಗುತ್ತದೆ ಎಂದು ಹೇಳಿದ್ದರು. ಕಾರ್ಯದರ್ಶಿಗಳು ಅಟ್ಟ ಹತ್ತಿಸಿ ಹಕ್ಕಿ ಹುಡುಕಿಸಿದ್ದರು.

ಒಂದು ಗಂಟೆಗೆ ಸತ್ತಿರುವ ಕಂಪ್ಯೂಟರು ಏನನ್ನು ತಾನೇ ನಕಲು ಮಾಡೀತು? ದಿನಾ ಒಂದು ಗಂಟೆ ಬರುತ್ತಿತ್ತು, ಹೋಗುತ್ತಿತ್ತು. ಸಮಯ ತಪ್ಪಿದರೆ ಕಂಪ್ಯೂಟರ್ ಆನ್ ಆದ ಕೂಡಲೇ ಆ ಕೆಲಸ ಮುಗಿಸು ಎಂದು ಹೇಳಲು ಒಂದು ಸಣ್ಣ ಗುರುತು ಹಾಕುವ ಜಾಗವಿದೆಯಂತೆ. ಸಾಫ್ಟ್‌ವೇರ್‌ನವನು ಅದನ್ನು ಹಾಕಿರಲಿಲ್ಲ. ನಿಮ್ಮಲ್ಲಿ ರಾತ್ರಿ ಕರೆಂಟು ಇರುತ್ತದೆಯೇ ಎಂದು ಆರು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಮೇಲಾಗಿ, ದಿನಾ ಹೀಗೆ ಉಸಿರು ಕಟ್ಟಿಸಿದರೆ ಡಿಸ್ಕು ಬೇಗ ಸಾಯುತ್ತದೆ ಎಂಬ ಜ್ಞಾನವನ್ನು ಅವತ್ತು ನಮಗೆ ದಯಪಾಲಿಸಿದ.

ಅವನನ್ನು ಬೈಯುವುದು ಸುಲಭ. ನನ್ನ ಕಥೆ ಅದಕ್ಕಿಂತ ಚೆಂದ. ದಿನಾ ಬೆಳಿಗ್ಗೆ ಆರಿಹೋಗಿರುವ ಸರ್ವರನ್ನು ಗುಂಡಿ ಒತ್ತಿ ಆನ್ ಮಾಡುತ್ತಿದ್ದವಳು ನಾನೇ. ಆನ್ ಮಾಡಿ, ಚಪ್ಪಲಿ ಮೆಟ್ಟಿಕೊಂಡು, ನನ್ನ ಮೇಜಿಗೆ ಬಂದು, ರಾತ್ರಿ ಒಂದು ಗಂಟೆಗೆ ಬ್ಯಾಕಪ್ ಆಗಿದೆ ಎಂದು ಬರೆಯುತ್ತಿದ್ದೆ. ಈ ಎರಡು ಕೆಲಸಗಳ ನಡುವೆ ಹತ್ತು ಹೆಜ್ಜೆ ದೂರವಿತ್ತು. ಆ ಹತ್ತು ಹೆಜ್ಜೆಯಲ್ಲಿ ಒಂದು ದಿನವಾದರೂ ನನ್ನ ತಲೆ ಕೆಲಸ ಮಾಡಲಿಲ್ಲ. ಬಿ.ಎಸ್ಸಿ. ಓದಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡನೆಯ ನಕಲಿನ ದಿನಾಂಕ ನೋಡಿ ನನಗೆ ಕುತೂಹಲವಾಯಿತು. ಹಳೆಯ ಹಾಜರಿ ಪುಸ್ತಕ ತೆಗೆದೆ. ಅದರ ಹಿಂದಿನ ದಿನ ಆಯಮ್ಮ ರಜೆ, ಮಗಳ ಸೀಮಂತ. ಸಂಜೆ ಬಾಗಿಲು ಹಾಕಿದ್ದು ನಾನು, ಮೇನ್ ತೆಗೆಯಲು ಮರೆತಿದ್ದೆ. ಕೀಲಿಕೈ ರಿಜಿಸ್ಟರಿನ ಷರಾ ಅಂಕಣದಲ್ಲಿ, ಹಸಿರು ಶಾಯಿಯಲ್ಲಿ, 'ಕರ್ತವ್ಯಲೋಪ, ಎಚ್ಚರಿಕೆ ನೀಡಲಾಗಿದೆ' ಎಂದಿತ್ತು. ಆರು ವರ್ಷದಲ್ಲಿ ತಾನಾಗಿ ಆದ ಒಂದೇ ಒಂದು ಬ್ಯಾಕಪ್ಪಿಗೆ ನನಗೆ ಸಿಕ್ಕ ಬಹುಮಾನ ಅದು.

ಡ್ರೈವರು ಮೊದಲ ಸಲ ನಮ್ಮಲ್ಲಿಗೆ ಬಂದದ್ದು ಅದಕ್ಕಿಂತ ಒಂದು ವರ್ಷ ಈಚೆಗೆ. ಆ ನಕಲಿನಲ್ಲಿ ಅವರ ಹೆಸರೇ ಇರಲಿಲ್ಲ. ಕೆಟ್ಟ ಡಿಸ್ಕನ್ನು ಯಾರಿಗೋ ಕಳಿಸಿ ನೋಡಿದರು, ಏನೂ ಬರಲಿಲ್ಲ. ಬೋಗುಣಿಯ ಯಂತ್ರವೋ ತಾನಾಗಿ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಅವರ ವರ್ಷದ ಪತ್ರದ ಅವಧಿ ಮುಗಿಯಲು ಹತ್ತು ದಿನವಿತ್ತು.

ಅವರು ಬಂದಾಗ ಡಾಕ್ಟರಮ್ಮ ಹೊಸದಾಗಿ ಪರೀಕ್ಷೆ ಮಾಡಿಸಿದರು. ನಕ್ಷೆಯಲ್ಲಿ ಎಡಗಡೆ ಕಪ್ಪು ಇತ್ತು. ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದು ಕೂರಿಸಿಕೊಂಡರು, ಸಾಕ್ಷಿಗೋ ಶಿಕ್ಷೆಗೋ ತಿಳಿಯಲಿಲ್ಲ.

"ಹಿಂದೆ ಎಷ್ಟಿತ್ತು ಮೇಡಂ?" ಎಂದು ಡ್ರೈವರು ಕೇಳಿದರು.

"ನನ್ನ ನೆನಪಿನಲ್ಲಿ ಇಷ್ಟೇ ಇತ್ತು. ಆದರೆ ನಾನು ದಿನಕ್ಕೆ ಐವತ್ತು ಜನರ ಕಣ್ಣು ನೋಡ್ತೀನಿ ಕಣ್ರೀ. ನನ್ನ ನೆನಪಿನ ಮೇಲೆ ನಿಮ್ಮ ಬಸ್ಸಿನಲ್ಲಿ ಜನರನ್ನ ಕೂರಿಸಕ್ಕಾಗಲ್ಲ. ಇದು ನಿಂತಿದ್ರೆ ಡ್ರಾಪ್ಸ್ ಸಾಕು. ಹರಡ್ತಾ ಇದ್ರೆ ಆಪರೇಷನ್ ಮಾಡ್ಲೇಬೇಕು. ನಿಂತಿರೋ ಕಣ್ಣಿಗೆ ಸುಮ್ನೆ ಕತ್ತರಿ ಹಾಕೋ ಹಾಗೂ ಇಲ್ಲ, ಅದರಲ್ಲೂ ಅಪಾಯ ಇದೆ."

ಡ್ರೈವರು, "ನನ್ನತ್ರ ಎಲ್ಲಾ ಪ್ರಿಂಟೂ ಇದೆ. ಬಸ್ಸಲ್ಲೇ ಮಡಗಿವ್ನಿ, ತತ್ತೀನಿ" ಎಂದು ಎದ್ದು ಹೋದರು. ನನಗೆ ಹೋದ ಜೀವ ಬಂದಂತಾಯಿತು. ಪ್ರತಿ ಪರೀಕ್ಷೆಯ ನಂತರ ಯಂತ್ರ ಒಂದು ಕಾಗದವನ್ನೂ ಉಗುಳುತ್ತಿತ್ತು. ಹೆಚ್ಚಿನವರು ಅದನ್ನು ಗೇಟಿನಾಚೆ ಬಿಸಾಕಿ ಹೋಗುತ್ತಿದ್ದರು. ಈ ಮನುಷ್ಯ ಹನ್ನೆರಡನ್ನೂ ಇಟ್ಟಿದ್ದರು. ಲೈಸೆನ್ಸಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಡ್ರೈವರ್ ಸೀಟಿನ ಪಕ್ಕ, ಇಂಜಿನ್ನಿನ ಮೇಲಿನ ಪೆಟ್ಟಿಗೆಯಲ್ಲಿ.

ಸಂಜೆ ತಂದರು. ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಹರಡಿದರು. ಆ ಯಂತ್ರದ ಕಾಗದ ಬಸ್ಸಿನ ಟಿಕೆಟ್ಟಿನಂಥದು, ಶಾಯಿಯಿಲ್ಲದೆ ಬಿಸಿಯಿಂದ ಅಚ್ಚಾಗುವಂಥದು. ನಾಲ್ಕು ವರ್ಷ ಇಂಜಿನ್ನಿನ ಕಾವಿಗೆ ಕೂತು ಕೆಲವು ಪೂರಾ ಕಪ್ಪಗಾಗಿದ್ದವು, ಉಳಿದವು ಪೂರಾ ಬೆಳ್ಳಗಾಗಿದ್ದವು. ಡಾಕ್ಟರಮ್ಮ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಬೀರುವಿನಲ್ಲಿ ಇಡಬಾರದಾಗಿತ್ತಾ?" ಎಂದು ನನ್ನ ಬಾಯಿಂದ ಬಂತು.

"ಯಾವಾಗ್ಲೂ ಜೊತೇಲಿ ಮಡಿಕೋ ಅಂದಿದ್ರಲ್ಲ" ಎಂದರು ಡ್ರೈವರು.

ಹಾಗೆಂದು ಹೇಳಿದ್ದು ನಾನೇ. ನಮ್ಮ ಆಸ್ಪತ್ರೆಯಲ್ಲಿ ಯಾರು ಏನು ಹೇಳಿದರೂ ಪಾಲಿಸುವವರು ಬಡಪಾಯಿಗಳು ಮಾತ್ರ. ಮೇನ್ ತೆಗೆಯಿರಿ ಎಂದರೆ ತೆಗೆಯುವುದು, ಜೊತೆಗಿಟ್ಟುಕೊಳ್ಳಿ ಎಂದರೆ ಇಟ್ಟುಕೊಳ್ಳುವುದು. ಡಾಕ್ಟರಮ್ಮ ಪತ್ರ ಬರೆಯಲಿಲ್ಲ. ಮೂರು ತಿಂಗಳಿಗೊಮ್ಮೆ ಹೊಸದಾಗಿ ಪರೀಕ್ಷೆ ಮಾಡಿ ನೋಡೋಣ, ಅಲ್ಲಿಯವರೆಗೆ ಬಸ್ಸು ಬೇಡ ಎಂದರು. ಕಂಪನಿಯವರು ಡ್ರೈವರನ್ನು ಗೇಟಿನಲ್ಲಿ ಕೂರಿಸಿ, ಬಸ್ಸುಗಳು ಬಂದ ಹೋದ ವೇಳೆ ಬರೆಯುವ ಕೆಲಸ ಕೊಟ್ಟರು.

ಇತ್ತ ಆಸ್ಪತ್ರೆಯಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಶುರುವಾಯಿತು. ನೋಟಿಸು ಹೋದದ್ದು ಸಾಫ್ಟ್‌ವೇರ್‌ನವನಿಗಲ್ಲ, ನನಗೂ ಅಲ್ಲ, ಆಯಮ್ಮನಿಗೆ. 'ಸರ್ವರ್ ಚಾಲನೆಯಲ್ಲಿರಬೇಕಾದ ವೇಳೆಯಲ್ಲಿ ವಿದ್ಯುತ್ ಸಂಪರ್ಕ ಕಡಿತಗೊಳಿಸಿದ ಬಗ್ಗೆ ಮೂರು ದಿನಗಳೊಳಗಾಗಿ ಸಮಜಾಯಿಷಿ ನೀಡತಕ್ಕದ್ದು.' ಆಯಮ್ಮನಿಗೆ ಓದಲು ಬಾರದು. ನನ್ನ ಹತ್ತಿರ ತಂದರು.

"ಏನಂತೆ ಅಕ್ಕ ಇದು?"

"ನೀವು ಮೇನ್ ಯಾಕೆ ತೆಗೆದ್ರಿ ಅಂತ ಕೇಳಿದಾರೆ."

"ಅವ್ರೇ ತಾನೇ ಏಳಿದ್ದು? ಒಂದಿನ ಮರ್ತ್ರೆ ಸಂಬ್ಳ ಇಡ್ಕೋತೀನಿ ಅಂದಿದ್ರು. ಮಳೇಲಿ ಅರ್ಧ ದಾರಿಗೋಗಿ, ತಗ್ದ್ನೋ ಇಲ್ವೋ ಅಂತ ವಾಪಸ್ ಬಂದು ನೋಡ್ಬುಟ್ಟು ಓಗಿವ್ನಿ ಕಣಕ್ಕ."

ಉತ್ತರವನ್ನು ನಾನೇ ಬರೆದೆ. ಅವರು ಹೆಬ್ಬೆಟ್ಟು ಒತ್ತಿದರು. ಗೋಡೆಯ ಮೇಲಿನ ಸುತ್ತೋಲೆಯನ್ನು ಇಳಿಸಿ, ಅದರ ಜೆರಾಕ್ಸ್ ಮಾಡಿಸಿ, ಉತ್ತರಕ್ಕೆ ಪಿನ್ ಹಾಕಿದೆ. ಮರುದಿನ ನೋಟಿಸಿನ ಸುದ್ದಿ ಇರಲಿಲ್ಲ, ಗೋಡೆಯ ಮೇಲೆ ಸುತ್ತೋಲೆಯೂ ಇರಲಿಲ್ಲ. ಚೌಕಟ್ಟಿನಷ್ಟು ಅಗಲ ಗೋಡೆ ಬೆಳ್ಳಗೆ ಉಳಿದಿತ್ತು.

ಆಮೇಲೆ ಟ್ರಸ್ಟಿನ ಸಭೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಸಭೆ. ಹೊಸ ಸರ್ವರಿನ ಬ್ಯಾಕಪ್ ಯಾವ ಹೊತ್ತಿಗೆ ಆಗಬೇಕು ಎಂಬುದೇ ವಿಷಯ. ರಾತ್ರಿ ಬೇಡ, ಕಟ್ಟಡ ಹಳೆಯದು, ಮೇನ್ ತೆಗೆಯದೆ ಇರುವುದು ಅಪಾಯ ಎಂದರು ಕಾರ್ಯದರ್ಶಿಗಳು. ಸರ್ವರಿಗೆ ಮಾತ್ರ ಬೇರೆ ಲೈನು ಎಳೆಸಿದರೆ ಮುಗಿಯಿತಲ್ಲ ಎಂದು ನಾನು ಹೇಳಿದ್ದು ನಡಾವಳಿಯಲ್ಲಿ ಬರಲಿಲ್ಲ. ಬೆಳಿಗ್ಗೆ ಮಾಡಿದರೆ ರೋಗಿಗಳಿರುವಾಗ ಕಂಪ್ಯೂಟರು ನಿಧಾನವಾಗುತ್ತದೆ. ಕೊನೆಗೆ ಮಧ್ಯಾಹ್ನ ಊಟದ ಹೊತ್ತಿಗೆ ಎಂದು ನಿಶ್ಚಯವಾಗುವಷ್ಟರಲ್ಲಿ ಹಿರಿಯ ಟ್ರಸ್ಟಿಯೊಬ್ಬರು ಕೆಮ್ಮಿದರು.

"ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಗುರುವಾರ ಒಂದೂವರೆಯಿಂದ ಮೂರು. ಈಗಾಗಲೇ ಒಂದ್ಸಲ ಏಟು ತಿಂದಿದೀವಿ, ನೋಡಿ."

ಹತ್ತು ಜನ ವಿದ್ಯಾವಂತರು ಕ್ಯಾಲೆಂಡರ್ ತರಿಸಿ ನೋಡಿದರು. ಎಲ್ಲಾ ದಿನ ಒಂದೂಕಾಲು, ಬುಧವಾರ ಮಾತ್ರ ಒಂದೂ ಮೂವತ್ತೈದು, ಗುರುವಾರ ಒಂದು ಗಂಟೆಗೆ ಸರಿಯಾಗಿ ಎಂದು ತೀರ್ಮಾನವಾಯಿತು. ಸಾಫ್ಟ್‌ವೇರ್‌ನವನು ಮುಖದ ಒಂದು ನರವೂ ಅಲುಗದಂತೆ ಅದನ್ನು ಕಂಪ್ಯೂಟರಿಗೆ ಹಾಕಿದ. ಅವನು ಮುಂದೆ ಬರುತ್ತಾನೆ ಎಂದು ಅವತ್ತೇ ನನಗೆ ಅನಿಸಿತು. ಬ್ಯಾಕಪ್ ಈಗ ಆಗುತ್ತಿದೆ. ಮೂರ್ಖತನದಿಂದ ಇಟ್ಟ ಹೊತ್ತಿನಲ್ಲೇ ಸರಿಯಾಗಿ ಆಗುತ್ತಿದೆ ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ಸಂಗತಿ.

ಆ ದಿನಗಳಲ್ಲಿ ನಾನು ಕಲಿತೆ. ಬ್ಯಾಕಪ್ ಯಾವ ಹೊತ್ತಿಗೆ ಶುರುವಾಗಿ ಯಾವ ಹೊತ್ತಿಗೆ ಮುಗಿಯಿತು ಎಂದು ಎಲ್ಲಿ ನೋಡಬೇಕು, ನಕಲು ನೆನ್ನೆಗಿಂತ ದೊಡ್ಡದಿದೆಯೋ ಚಿಕ್ಕದಿದೆಯೋ, ಆ ಹೊತ್ತಿಗೆ ಕಂಪ್ಯೂಟರು ಎಚ್ಚರವಿತ್ತೋ ಇಲ್ಲವೋ. ಶನಿವಾರ ಶನಿವಾರ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಯಾರಾದರೂ ಒಬ್ಬ ರೋಗಿಯ ನಕ್ಷೆ ಕಾಣುತ್ತದೆಯೇ ಎಂದು ನೋಡತೊಡಗಿದೆ. ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಈ ವಿದ್ಯೆಗೆ ಬ್ರಹ್ಮಜ್ಞಾನವೇನೂ ಬೇಕಿರಲಿಲ್ಲ, ಯಾರನ್ನಾದರೂ ಕೇಳಿದ್ದರೆ ಮೊದಲ ವಾರವೇ ಬರುತ್ತಿತ್ತು.

ಮೂರು ತಿಂಗಳಿಗೆ ಡ್ರೈವರು ಬಂದರು. ಕಪ್ಪು ಸ್ವಲ್ಪ ಹೆಚ್ಚಿದಂತೆ ಕಂಡಿತು. ಒಂದು ಸಲದ ವ್ಯತ್ಯಾಸವನ್ನು ನಂಬುವಂತಿಲ್ಲ, ಅವತ್ತು ಸುಸ್ತಾಗಿದ್ದರೂ ಹಾಗೆ ಬರುತ್ತದೆ ಎಂದರು ಡಾಕ್ಟರಮ್ಮ. ಇನ್ನೂ ಮೂರು ತಿಂಗಳು. ಅವರು ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ನಾನು ಹೋಗಿ ಪಕ್ಕದಲ್ಲಿ ಕೂತೆ. ಕೆಟ್ಟ ಕಂಪ್ಯೂಟರಿನ ಕಥೆ ಅವರಿಗೆ ಗೊತ್ತಿತ್ತು. ಬ್ಯಾಕಪ್ ಆಗಿದೆ ಎಂದು ದಿನಾ ಬರೆದು ಸಹಿ ಹಾಕಿದ್ದು ನಾನು, ಒಂದು ದಿನವೂ ನೋಡಿರಲಿಲ್ಲ ಎಂದು ಹೇಳಿದೆ.

"ನೋಡೋದು ಎಂಗೆ ಅಂತ ಗೊತ್ತಿತ್ತಾ ಮೇಡಂ?"

"ಇಲ್ಲ."

"ಕೇಳ್ಬೋದಾಗಿತ್ತು."

"ಕೇಳಬಹುದಾಗಿತ್ತು."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾನು ಗಾಡಿ ತೆಗ್ಯೋಕ್ ಮುಂಚೆ ಬ್ರೇಕ್ ಒತ್ತಿ ನೋಡ್ತಿದ್ದೆ. ಒತ್ದೇನೆ ಪುಸ್ತಕದಲ್ಲಿ ಓಕೆ ಅಂತ ಬರ್ದು ಓಗೋರೂ ಅವ್ರೆ ನಮ್ ಡಿಪೋಲಿ. ದಿನಾ ಏನೂ ಆಗಲ್ಲ. ಅದಕ್ಕೇ ಅವ್ರು ಬರೀತಾನೇ ಇರ್ತಾರೆ."

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

ಆರು ತಿಂಗಳ ನಕ್ಷೆಯಲ್ಲಿ ಅನುಮಾನವೇ ಉಳಿಯಲಿಲ್ಲ. ಎರಡೂ ಕಣ್ಣಿನಲ್ಲಿ ಎಡಬದಿಯ ಕಪ್ಪು ಒಳಕ್ಕೆ ಬಂದಿತ್ತು. ಡಾಕ್ಟರಮ್ಮ ಮೂರು 'ಹೊಸ' ನಕ್ಷೆಗಳನ್ನು ಸಾಲಾಗಿ ಇಟ್ಟು, ನನ್ನ ಕಡೆ ನೋಡದೆ, "ಹಳೇದು ಇದ್ದಿದ್ರೆ ಅವತ್ತೇ ಆಪರೇಷನ್‌ಗೆ ಬರೀತಿದ್ದೆ" ಎಂದರು. ಮಾರನೆಯ ವಾರ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಒತ್ತಡ ಇಳಿಯಿತು. ಆ ಆರು ತಿಂಗಳಲ್ಲಿ ಹೋದದ್ದು ಹೋಯಿತು. ಬಸ್ಸು ಇನ್ನು ಯಾವತ್ತೂ ಬೇಡ ಎಂದು ಡಾಕ್ಟರಮ್ಮ ಬರೆದರು. ಗೇಟಿನ ಕೆಲಸವನ್ನೇ ಕಾಯಂ ಮಾಡಿಕೊಡಬೇಕೆಂದು ಕಂಪನಿಗೆ ಒಂದು ಪತ್ರವನ್ನೂ ಕೊಟ್ಟರು.

ಆ ಪತ್ರ ತೆಗೆದುಕೊಳ್ಳಲು ಡ್ರೈವರು ನನ್ನ ಮೇಜಿನ ಹತ್ತಿರ ಬಂದರು. ಹೊಸ ಸರ್ವರಿನಿಂದ ಅವರ ಎಲ್ಲ ನಕ್ಷೆಗಳನ್ನೂ ಬಿಳಿ ಹಾಳೆಯ ಮೇಲೆ, ಅಳಿಸದ ಶಾಯಿಯಲ್ಲಿ ಅಚ್ಚು ಹಾಕಿ, ಪತ್ರದ ಜೊತೆ ಫೈಲಿನಲ್ಲಿಟ್ಟಿದ್ದೆ. ಅವರು ನಿಂತಲ್ಲೇ ನಿಂತು, ನನ್ನನ್ನು ನೋಡುತ್ತಾ, ಕೈ ಮುಂದೆ ಚಾಚಿದರು. ನಾನು ಫೈಲನ್ನು ಕೂತಲ್ಲಿಂದಲೇ ಅವರ ಎಡಗಡೆಗೆ ನೀಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ರೆಡಿ ಆಯ್ತಾ ಮೇಡಂ? ಇಲ್ಲಾಂದ್ರೆ ಕಾಯ್ತೀನಿ, ಅರ್ಜೆಂಟಿಲ್ಲ" ಎಂದರು.

ನಾನು ಎದ್ದು, ಮೇಜನ್ನು ಸುತ್ತಿ, ಅವರ ಬಲಗಡೆಗೆ ಹೋಗಿ ಫೈಲನ್ನು ಕೈಯಲ್ಲಿಟ್ಟೆ.